ಪೆಟ್ಟಿಗೆ ಮೇಲಿನ ಅಂಕಿ, ಟೈರಿಗೆ ಬೇಕಾದ ಗಾಳಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕಾರಿಗೆ ಗಾಳಿ ತುಂಬುವ ಪಂಪ್ ಕೇಳಿ ನೋಡಿ. ಅಂಗಡಿಯವರು ಅಟ್ಟದಿಂದ ನಾಲ್ಕೈದು ಪೆಟ್ಟಿಗೆ ಇಳಿಸಿ ಸಾಲಾಗಿ ಇಡುತ್ತಾರೆ. ಹೆಚ್ಚಿನವುಗಳ ಮೇಲೆ ದಪ್ಪಕ್ಷರದಲ್ಲಿ ಒಂದೇ ಅಂಕಿ: 150 ಪಿಎಸ್‌ಐ. ‘ಲಾರಿ ಟೈರಿಗೂ ಆಗತ್ತೆ ಸರ್, ನಿಮ್ ಗಾಡಿ ಯಾವ ಲೆಕ್ಕ’ ಎಂಬ ಮಾತೂ ಜೊತೆಗೇ ಬರುತ್ತದೆ. ಮಾತು ಪೂರ್ತಿ ಸುಳ್ಳಲ್ಲ. ಹೊತ್ತಿನ ಪರಿವೆಯಿಲ್ಲದೆ ಹೊಡೆಯುತ್ತ ಕೂತರೆ ಆ ಪಂಪ್ ನೂರು ದಾಟಿಸಲೂಬಹುದು. ಆದರೆ ಥಾರ್, ಜಿಮ್ನಿ, ಗೂರ್ಖಾದಂಥ ಗಾಡಿಗಳನ್ನು ಡಾಂಬರು ಬಿಟ್ಟು ಇಳಿಸುವವರು, ಅದಕ್ಕೆಂದೇ ಟೈರಿನ ಗಾಳಿ ಬಿಟ್ಟು ರಸ್ತೆಗೆ ಮರಳುವಾಗ ಮತ್ತೆ ತುಂಬಿಸಿಕೊಳ್ಳುವವರು, ಈ 150ನ್ನು ಇಟ್ಟುಕೊಂಡು ಮಾಡುವುದು ಏನೂ ಇಲ್ಲ. ಅವರ ಟೈರಿಗೆ ಬೇಕಾದ್ದು 30ರ ಆಸುಪಾಸು.

ಬೋರ್‌ವೆಲ್ ಕೊರೆಸಿದ ರೈತರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಟರು ಎಷ್ಟು ಅಡಿಯಿಂದ ನೀರೆತ್ತುತ್ತದೆ ಎಂಬುದು ಒಂದು ಪ್ರಶ್ನೆ, ಎಷ್ಟು ಇಂಚು ನೀರು ಕೊಡುತ್ತದೆ ಎಂಬುದು ಇನ್ನೊಂದು. ಒತ್ತಡವನ್ನು ಅಳೆಯುವ ಪಿಎಸ್‌ಐ ಮೊದಲ ಪ್ರಶ್ನೆಗೆ ಉತ್ತರ. ಗಾಡಿ ಪಕ್ಕ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತವನಿಗೆ ಬೇಕಿರುವುದು ಎರಡನೆಯದರ ಉತ್ತರ. ಟೈರಿನೊಳಗೆ ಆಗಲೇ 25–30 ಪಿಎಸ್‌ಐ ಇರುವಾಗ ಈ ಪಂಪ್ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ತುರುಕುತ್ತದೆ? ಕಾದು ನಿಂತುಹೋಗದೆ ಎಷ್ಟು ಹೊತ್ತು ಓಡುತ್ತದೆ? ಇವೆರಡನ್ನು ಕೇಳಿದರೆ ಅಂಗಡಿಯ ಅರ್ಧ ಪೆಟ್ಟಿಗೆಗಳು ಅಟ್ಟಕ್ಕೆ ವಾಪಸಾಗುತ್ತವೆ.

ಅಷ್ಟಕ್ಕೂ ಚೆನ್ನಾಗಿರುವ ಟೈರಿನ ಗಾಳಿಯನ್ನು ಕೈಯಾರೆ ಬಿಡುವುದೇಕೆ? ಲೆಕ್ಕ ಸರಳವಾಗಿದೆ. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಗಾಡಿಯ ಪ್ರತಿ ಚಕ್ರದ ಮೇಲೆ ಸುಮಾರು 450 ಕಿಲೋ ಭಾರ. ಟೈರಿನಲ್ಲಿ 32 ಪಿಎಸ್‌ಐ ಇದೆಯೆಂದರೆ ಒಂದು ಚದರ ಸೆಂಟಿಮೀಟರಿಗೆ 2.25 ಕಿಲೋ ಒತ್ತಡ. ಆ ಒತ್ತಡದಲ್ಲಿ 450 ಕಿಲೋ ಹೊರಲು ಸುಮಾರು 200 ಚದರ ಸೆಂಟಿಮೀಟರ್ ರಬ್ಬರು ನೆಲಕ್ಕೆ ತಾಗಿದರೆ ಸಾಕು. ಗಾಳಿಯನ್ನು 16ಕ್ಕೆ ಇಳಿಸಿದರೆ ಅದೇ ಭಾರಕ್ಕೆ 400 ಚದರ ಸೆಂಟಿಮೀಟರ್ ಬೇಕು. ಟೈರಿನ ಪಕ್ಕದ ಗೋಡೆಯೂ ಒಂದಿಷ್ಟು ಭಾರ ಹೊರುವುದರಿಂದ ನಿಜವಾದ ಅಳತೆ ಇದಕ್ಕಿಂತ ಹೆಚ್ಚುಕಡಿಮೆ ಆಗುತ್ತದೆ, ಆದರೆ ದಾರಿ ಇದೇ. ಟೈರು ಅಡ್ಡಕ್ಕೆ ಉಬ್ಬುತ್ತದೆ ಎಂದು ನೋಡಿದವರಿಗೆ ಅನ್ನಿಸುತ್ತದೆ. ನೆಲಕ್ಕೆ ತಾಗುವ ಭಾಗ ಹೆಚ್ಚಾಗಿ ಬೆಳೆಯುವುದು ಉದ್ದಕ್ಕೆ. ಮರಳಿನಲ್ಲಿ ಚಕ್ರ ಗುಂಡಿ ತೋಡಿಕೊಂಡು ಇಳಿಯುವ ಬದಲು ಮೇಲೆಯೇ ತೇಲುತ್ತದೆ, ಕಲ್ಲಿನ ಮೇಲೆ ಬಾಗಿ ಹಿಡಿದುಕೊಳ್ಳುತ್ತದೆ.

ಮರಳಿನಲ್ಲಿ ಇದನ್ನು ಶಿಸ್ತಾಗಿ ಮಾಡಿ ತೋರಿಸಿದವರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ಮುಖ್ಯ. 1920ರ ದಶಕದ ಕೊನೆಗೆ ಮತ್ತು 30ರ ದಶಕದ ಆರಂಭಕ್ಕೆ ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಯನ್ನು ಮಾಮೂಲಿ ಫೋರ್ಡ್ ಕಾರುಗಳಲ್ಲಿ ಸುತ್ತಿದ ಮನುಷ್ಯ ಈತ. ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದಡಿ ಉಕ್ಕಿನ ಹಲಗೆ ತೂರಿಸುವುದು, ದಿಬ್ಬಕ್ಕೆ ನೇರವಾಗಿ ವೇಗದಲ್ಲಿ ನುಗ್ಗುವುದು ಇವೆಲ್ಲ ಅವರ ತಂಡದ ಪಾಠಗಳು. 1941ರಲ್ಲಿ ಗಾಳಿಗೆ ಹಾರುವ ಮರಳಿನ ಭೌತಶಾಸ್ತ್ರದ ಬಗ್ಗೆ ಅವರು ಬರೆದ ಪುಸ್ತಕವನ್ನು ಮರಳುದಿಬ್ಬ ಅಧ್ಯಯನ ಮಾಡುವವರು ಇವತ್ತಿಗೂ ತೆರೆಯುತ್ತಾರೆ. ಮರುವರ್ಷವೇ ಅಮೆರಿಕದಲ್ಲಿ ತಯಾರಾದ ಡಕ್ ಎಂಬ ನೆಲ-ನೀರು ಎರಡರಲ್ಲೂ ಓಡುವ ಸೇನಾ ಟ್ರಕ್ಕಿನಲ್ಲಿ ಚಾಲಕ ಕೂತಲ್ಲೇ ಟೈರಿನ ಗಾಳಿ ಏರಿಸಿ ಇಳಿಸುವ ವ್ಯವಸ್ಥೆ ಬಂತು. ನೀರಿನಿಂದ ಮರಳ ದಂಡೆಗೆ ಹತ್ತುವಾಗ ಕಡಿಮೆ, ರಸ್ತೆಗೆ ಬಂದಾಗ ಜಾಸ್ತಿ. ನಾವು ಇವತ್ತು ಬಾನೆಟ್ ಎತ್ತಿ, ಕ್ಲಿಪ್ ಕಚ್ಚಿಸಿ, ಒಂದೊಂದೇ ಚಕ್ರಕ್ಕೆ ಮಂಡಿಯೂರಿ ಮಾಡುವ ಕೆಲಸ ಅದೇ.

ಈ ಕೆಲಸವನ್ನು ವಾರ ವಾರ ತಪ್ಪದೆ ಮಾಡುವ ಕನ್ನಡಿಗರನ್ನು ನೋಡಬೇಕಿದ್ದರೆ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಹೋಗಬೇಕು. ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಲ್ಲಿ ಮರಳುದಿಬ್ಬದ ಹುಚ್ಚು ಹತ್ತಿಸಿಕೊಂಡವರಿದ್ದಾರೆ. ಹತ್ತಾ ರಸ್ತೆ ಬದಿಯ ‘ಬಿಗ್ ರೆಡ್’ ದಿಬ್ಬದಲ್ಲಿ ಕಲಿತು, ಸೌದಿ ಗಡಿಯತ್ತ ಚಾಚಿದ ಲಿವಾದ ದೊಡ್ಡ ಮರಳಿಗೆ ಹೋಗುವುದು ಅಲ್ಲಿನ ವಾಡಿಕೆ. ಲಿವಾದ ತಲ್ ಮೊರೀಬ್ ದಿಬ್ಬದ ಎತ್ತರ ಸುಮಾರು 300 ಮೀಟರ್. ಡಾಂಬರು ಮುಗಿದ ಕಡೆ ಸಾಲಾಗಿ ಗಾಡಿ ನಿಲ್ಲಿಸಿ ಎಲ್ಲರೂ ಗಾಳಿಯನ್ನು 12–15 ಪಿಎಸ್‌ಐಗೆ ಇಳಿಸುತ್ತಾರೆ. ಸಂಜೆ ವಾಪಸ್ ಬಂದಾಗ ಒಬ್ಬನ ಪಂಪ್ ಕೈಕೊಟ್ಟರೆ ಇಡೀ ಸಾಲು ಕಾಯಬೇಕು. ಹಾಗಾಗಿ ಅಲ್ಲಿ ಪಂಪಿನ ಬಗ್ಗೆ ಮಾತು ಇಂಜಿನ್ನಿನ ಬಗೆಗಿನ ಮಾತಿನಷ್ಟೇ ಗಂಭೀರ.

ನಮ್ಮ ಮಲೆನಾಡಿನ ಕಥೆ ಬೇರೆ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಎಸ್ಟೇಟ್ ಜೀಪುಗಳು ಮಳೆಗಾಲದಲ್ಲಿ ಟೈರಿಗೆ ಚೈನ್ ಸುತ್ತಿಕೊಂಡು ಕೆಸರು ಹತ್ತುತ್ತವೆ. ಅವು ಗಾಳಿಯ ಸಹವಾಸಕ್ಕೆ ಹೋಗುವುದು ಕಡಿಮೆ. ಮೇಲೆ ತೆಳುವಾದ ಕೆಸರು, ಕೆಳಗೆ ಗಟ್ಟಿ ನೆಲ ಇರುವ ಕಡೆ ಸಣ್ಣ ಅಗಲದ ಟೈರು ಕೆಸರನ್ನು ಕತ್ತರಿಸಿಕೊಂಡು ತಳ ಮುಟ್ಟುವುದೇ ಒಳ್ಳೆಯದು. ಅಗಲ ಮಾಡಿದರೆ ಜಾರುಬಂಡಿ. ಕಲ್ಲುದಾರಿಯಲ್ಲಿ 20ರ ಹತ್ತಿರಕ್ಕೆ ಇಳಿಸಿದರೆ ಕುಲುಕಾಟ ಕಡಿಮೆಯಾಗುತ್ತದೆ, ಹಿಡಿತ ಸಿಗುತ್ತದೆ. ಇನ್ನು ಕೇರಳದ ಕಣ್ಣೂರು ಬಳಿಯ ಮುಳಪ್ಪಿಲಂಗಾಡ್ ಕಡಲತೀರದಲ್ಲಿ ಕಾರು ಓಡಿಸಲು ನಮ್ಮವರು ಹೋಗುತ್ತಾರಲ್ಲ, ಅಲ್ಲಿಯ ಮರಳು ಒತ್ತಿ ಗಟ್ಟಿಯಾದದ್ದು, ಮಾಮೂಲಿ ಗಾಳಿಯಲ್ಲೇ ಸಣ್ಣ ಕಾರುಗಳೂ ಓಡುತ್ತವೆ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವವರಿಗೆ ಯಾವ ಪಿಎಸ್‌ಐಯೂ ಬೇಡ. ಅವರಿಗೆ ಬೇಕಾದ್ದು ವಕೀಲ.

12ಕ್ಕಿಂತ ಕೆಳಗಿಳಿಸುವ ಪೌರುಷವನ್ನು ಹೊಸಬರು ದೂರವಿಡಬೇಕು. ಟೈರಿನ ಅಂಚು ರಿಮ್ಮಿಗೆ ಅಂಟಿಕೊಂಡಿರುವುದೇ ಒಳಗಿನ ಗಾಳಿಯ ಒತ್ತಡದಿಂದ. ಗಾಳಿ ತೀರಾ ಕಡಿಮೆಯಾದಾಗ ದಿಬ್ಬದ ಮೇಲೆ ಗಕ್ಕನೆ ಸ್ಟೇರಿಂಗ್ ತಿರುಗಿಸಿದರೆ ಅಂಚು ಕಳಚಿ, ಟೈರು ಒಮ್ಮೆಗೇ ಚಪ್ಪಟೆ.

ಗಾಳಿ ಬಿಡುವುದು ಇಷ್ಟವಾದರೆ ಬಿಡಬಹುದು, ಆದರೆ ತುಂಬಿಸುವುದು ಇಷ್ಟಾನಿಷ್ಟದ ಮಾತಲ್ಲ. 16 ಪಿಎಸ್‌ಐ ಟೈರಿನಲ್ಲಿ ಹೆದ್ದಾರಿ ಹಿಡಿದರೆ ಪ್ರತಿ ಸುತ್ತಿಗೂ ಪಕ್ಕದ ಗೋಡೆ ಬಾಗಿ ನೆಟ್ಟಗಾಗುತ್ತದೆ. ಹಾಗೆ ಬಾಗಿದಷ್ಟೂ ರಬ್ಬರು ಒಳಗಿನಿಂದ ಕಾಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸಲ ಬಾಗುತ್ತಿರುತ್ತದೆ. ಹೊರಗಿನಿಂದ ಏನೂ ಕಾಣದೆ ಒಳಗಿನ ಪದರಗಳು ಬಿಟ್ಟುಕೊಂಡು ಒಂದು ಕಡೆ ಸಿಡಿಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕೆಂಬ ನಿಯಮವೇನೋ ಇದೆ. ಆ ಬಂಕು ಮರಳು ಮುಗಿದ ಕಡೆಯೇ ಇರಬೇಕೆಂಬ ನಿಯಮ ಇಲ್ಲ. ಹತ್ತಿಪ್ಪತ್ತು ಕಿಲೋಮೀಟರ್ ನಿಧಾನವಾಗಿ ಉರುಳಿಸಿಕೊಂಡು ಹೋಗಿ ತಲುಪಿದರೂ ಯಂತ್ರದ ಮೇಲೆ ‘ರಿಪೇರಿಯಲ್ಲಿದೆ’ ಎಂಬ ರಟ್ಟು ನೇತಾಡುತ್ತಿರಬಹುದು.

ಹಾಗಾದರೆ ಎಷ್ಟು ಗಾಳಿ ಬೇಕು? ಪಂಪ್ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ ಇದೊಂದೇ, ಆದರೆ ಮಾಡುವವರು ಕಡಿಮೆ. ನಮ್ಮ ಸುತ್ತಲಿನ ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ 14.7 ಪಿಎಸ್‌ಐ. ಅಂದರೆ ಟೈರಿನ ಒತ್ತಡವನ್ನು 14.7 ಪಿಎಸ್‌ಐಯಷ್ಟು ಏರಿಸಬೇಕಿದ್ದರೆ ಆ ಟೈರಿನ ಹೊಟ್ಟೆ ಎಷ್ಟು ಲೀಟರೋ ಅಷ್ಟೇ ಹೊರಗಿನ ಗಾಳಿಯನ್ನು ಒಳಗೆ ತುಂಬಬೇಕು. ಥಾರ್‌ನಂಥ ಗಾಡಿಗೆ ಬರುವ 255/65 ಆರ್18 ಅಳತೆಯ ಟೈರಿನ ಒಳಜಾಗ ಸುಮಾರು 65 ಲೀಟರ್. 16ರಿಂದ 32ಕ್ಕೆ ಏರಿಸಲು ಒಂದು ಟೈರಿಗೆ 70 ಲೀಟರ್ ಚಿಲ್ಲರೆ, ನಾಲ್ಕಕ್ಕೆ ಸುಮಾರು 280 ಲೀಟರ್. ಜಿಮ್ನಿಯ 195/80 ಆರ್15 ಟೈರು ಸಣ್ಣದು, 43 ಲೀಟರಿನ ಆಸುಪಾಸು. ಅದರ ನಾಲ್ಕೂ ಟೈರಿಗೆ 190 ಲೀಟರಿನೊಳಗೆ ಮುಗಿಯುತ್ತದೆ. ಶೋಕಿಗೆಂದು ಗಾಡಿಗೆ 33 ಇಂಚಿನ ಟೈರು ಹಾಕಿಸಿದವರ ಲೆಕ್ಕ ಬೇರೆ. ಒಂದೊಂದರ ಹೊಟ್ಟೆ 90 ಲೀಟರ್ ದಾಟುತ್ತದೆ, ನಾಲ್ಕಕ್ಕೆ 400 ಲೀಟರ್ ಬೇಕು. ಹಳೇ ಟೈರಿಗೆ ಸಾಕಾಗುತ್ತಿದ್ದ ಪಂಪ್ ಹೊಸದಕ್ಕೆ ಏದುಸಿರು ಬಿಡುವುದು ಇದೇ ಕಾರಣಕ್ಕೆ.

ಥಾರ್ ಅಳತೆಯ 280 ಲೀಟರನ್ನು ಇಟ್ಟುಕೊಂಡು ಪೆಟ್ಟಿಗೆಗಳನ್ನು ಮತ್ತೆ ನೋಡೋಣ. ಸಣ್ಣ ಪಂಪಿನ ಪೆಟ್ಟಿಗೆಯಲ್ಲಿ ಎಲ್ಲೋ ಮೂಲೆಯಲ್ಲಿ ‘35 ಲೀಟರ್/ನಿಮಿಷ’ ಎಂದಿರುತ್ತದೆ. 280ನ್ನು 35ರಿಂದ ಭಾಗಿಸಿ ಎಂಟು ನಿಮಿಷ ಎಂದು ಖುಷಿಪಡುವಂತಿಲ್ಲ. ಆ 35 ಕೊಳವೆಯ ತುದಿಯನ್ನು ಬಯಲಿಗೆ ಬಿಟ್ಟು ಅಳೆದದ್ದು, ಎದುರಿಗೆ ಒತ್ತಡವೇ ಇಲ್ಲದಾಗ ಬಂದದ್ದು. ಟೈರು ತುಂಬುತ್ತ ಬಂದಂತೆ ಇಳುವರಿ ಇಳಿಯುತ್ತದೆ. ಪಿಸ್ಟನ್ ಎಷ್ಟೇ ಮೇಲೆ ಬಂದರೂ ಸಿಲಿಂಡರಿನ ತಲೆಯಲ್ಲಿ ಚೂರು ಜಾಗ ಉಳಿಯುತ್ತದೆ. ಅಲ್ಲಿ ಸಿಕ್ಕಿಕೊಂಡ ಒತ್ತಿದ ಗಾಳಿ ಪಿಸ್ಟನ್ ಕೆಳಗಿಳಿದಾಗ ಹಿಗ್ಗಿ ಹೊಸ ಗಾಳಿಯ ಜಾಗವನ್ನು ತಿನ್ನುತ್ತದೆ. ಒಂದಿಷ್ಟು ರಿಂಗಿನ ಸಂದಿಯಲ್ಲಿ ನುಸುಳುತ್ತದೆ. ಭಾರಕ್ಕೆ ಮೋಟರೂ ನಿಧಾನವಾಗುತ್ತದೆ. ಒಟ್ಟಿನಲ್ಲಿ 35 ಎಂದು ಬರೆದ ಅಗ್ಗದ ಪಂಪ್ ಟೈರಿನ ಎದುರು 20–25 ಕೊಟ್ಟರೆ ಪುಣ್ಯ. ನಾಲ್ಕು ಟೈರಿಗೆ ಹದಿಮೂರು ನಿಮಿಷ, ನಡುವೆ ಪಂಪ್ ತಣಿಯಲು ಬಿಡುವ ಹೊತ್ತು ಬೇರೆ.

ಮರ್ಯಾದಸ್ಥ ತಯಾರಕರು ಎರಡೂ ಅಂಕಿ ಕೊಡುತ್ತಾರೆ. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿ 1975ರಿಂದ ಆಫ್‌ರೋಡ್ ಗಾಡಿಗಳ ಸಾಮಾನಿನ ವ್ಯಾಪಾರದಲ್ಲಿದೆ. ಅದರ ಜೋಡಿ ಸಿಲಿಂಡರಿನ ಪಂಪ್ ಬಯಲಿನಲ್ಲಿ ನಿಮಿಷಕ್ಕೆ 174 ಲೀಟರ್, 29 ಪಿಎಸ್‌ಐ ಎದುರು ಸುಮಾರು 131 ಲೀಟರ್ ಕೊಡುತ್ತದೆ ಎಂದು ಅದೇ ಬರೆದುಕೊಂಡಿದೆ. ಅಷ್ಟು ದುಬಾರಿ ಯಂತ್ರದಲ್ಲೇ ಕಾಲು ಭಾಗ ಇಳಿಯುತ್ತದೆ ಎಂದಾದರೆ, ಒಂದೇ ಅಂಕಿ ಬರೆದು ಸುಮ್ಮನಾದವರ ಬಗ್ಗೆ ಅನುಮಾನ ಪಡುವುದು ನ್ಯಾಯ. ಅದೇ ಕಂಪನಿಯ ಒಂಟಿ ಸಿಲಿಂಡರಿನದು 29 ಪಿಎಸ್‌ಐ ಎದುರು 62 ಲೀಟರಿನಷ್ಟು ಕೊಡುತ್ತದೆ. ನಮ್ಮ 280 ಲೀಟರಿಗೆ ಐದು ನಿಮಿಷದೊಳಗಿನ ಕೆಲಸ. ಅಮೆರಿಕದ ಪಂಪುಗಳಲ್ಲಿ ಲೀಟರ್ ಬದಲು ಸಿಎಫ್‌ಎಂ ಎಂದಿರುತ್ತದೆ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ. 28.3ರಿಂದ ಗುಣಿಸಿಕೊಳ್ಳಿ. ವಯೇರ್ ಕಂಪನಿಯ 88ಪಿ ಎಂಬ ಸಣ್ಣ ಪಂಪಿನ 1.47 ಸಿಎಫ್‌ಎಂ ಎಂದರೆ 41–42 ಲೀಟರ್, ಅದೂ ಬಯಲ ಲೆಕ್ಕದಲ್ಲಿ.

ಎರಡನೆಯ ಪ್ರಶ್ನೆ ಕಾವಿನದು. ಸೈಕಲ್ಲಿಗೆ ಪಂಪ್ ಹೊಡೆದವರಿಗೆ ಅದರ ಬುಡ ಕೈಗೆ ಬಿಸಿ ತಾಗಿದ್ದು ನೆನಪಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 30 ಡಿಗ್ರಿಯ ಗಾಳಿಯನ್ನು, ಕಾವು ಹೊರಗೆ ಹೋಗಲು ಬಿಡದೆ 32 ಪಿಎಸ್‌ಐಗೆ ಒತ್ತಿದರೆ ಲೆಕ್ಕದ ಪ್ರಕಾರ ಸುಮಾರು 150 ಡಿಗ್ರಿ ಮುಟ್ಟುತ್ತದೆ. ಪಂಪಿನ ಲೋಹ ಒಂದಿಷ್ಟನ್ನು ಹೀರಿ ಹೊರಚೆಲ್ಲುವುದರಿಂದ ಅಷ್ಟು ಏರುವುದಿಲ್ಲ, ಆದರೆ ಮೂರನೆಯ ಟೈರಿನ ಹೊತ್ತಿಗೆ ಸಿಲಿಂಡರಿನ ತಲೆ ಮುಟ್ಟಿದರೆ ಬೊಬ್ಬೆ ಏಳುತ್ತದೆ. ಈ ಪಂಪುಗಳಲ್ಲಿ ಹೆಚ್ಚಿನವು ಎಣ್ಣೆಯಿಲ್ಲದೆ ಓಡುವಂಥವು. ಪಿಸ್ಟನ್ನಿನ ಸುತ್ತ ಟೆಫ್ಲಾನ್ ಜಾತಿಯ ರಿಂಗು ಇರುತ್ತದೆ. ಕಾವು ಜಾಸ್ತಿಯಾದಷ್ಟೂ ಅದು ಬೇಗ ಸವೆಯುತ್ತದೆ. ಶಬ್ದ ಬರುತ್ತಿದೆ ಎಂದು ಹೊಲಿಗೆ ಮಿಷನ್ನಿನ ಎಣ್ಣೆ ಬಿಡುವ ಉಪಕಾರ ಮಾಡಬೇಡಿ. ಧೂಳು ಅಂಟಿಕೊಂಡು ಮರಳುಕಾಗದದ ಕೆಲಸ ಮಾಡುತ್ತದೆ.

ಕಾವಿನ ಮಿತಿಯನ್ನು ತಯಾರಕರು ಡ್ಯೂಟಿ ಸೈಕಲ್ ಎಂದು ಬರೆಯುತ್ತಾರೆ. 33 ಶೇಕಡ ಎಂದರೆ ಗಂಟೆಯಲ್ಲಿ 20 ನಿಮಿಷ ಓಟ, 40 ನಿಮಿಷ ವಿರಾಮ. ಈ ಸಾಲನ್ನು ಓದುವಾಗ ಅದರ ಮುಂದೆ ಬರೆದಿರುವುದನ್ನೂ ಓದಬೇಕು. ಯಾವ ಒತ್ತಡದಲ್ಲಿ? 100 ಪಿಎಸ್‌ಐಯಲ್ಲಿ 33 ಶೇಕಡ ಓಡುವ ಪಂಪ್ 30ರಲ್ಲಿ ಇನ್ನೂ ಹೆಚ್ಚು ಹೊತ್ತು ಓಡುತ್ತದೆ. 30ರಲ್ಲೇ 33 ಶೇಕಡ ಎಂದು ಬರೆದಿದ್ದರೆ ಅದು ಬಡಪಾಯಿ. ಯಾವ ಹವೆಯಲ್ಲಿ? ಕೆಲವರು ಅಳೆಯುವುದು 22 ಡಿಗ್ರಿಯಲ್ಲಿ. ಏಪ್ರಿಲ್ ತಿಂಗಳ ಕಲಬುರಗಿಯವರು, ಜುಲೈ ತಿಂಗಳ ದುಬೈಯವರು ಇದನ್ನು ಓದಿ ನಗಬಹುದು. ಒಳ್ಳೆಯ ಪಂಪುಗಳಲ್ಲಿ ಕಾವು ಮಿತಿ ಮೀರಿದಾಗ ತಾನೇ ನಿಂತು, ತಣಿದ ಮೇಲೆ ಮತ್ತೆ ಓಡುವ ಸ್ವಿಚ್ ಇರುತ್ತದೆ. ಅದಿಲ್ಲದ ಪಂಪಿನಲ್ಲಿ ಮೊದಲು ಸುಡುವುದು ಮೋಟರಿನ ಸುರುಳಿ.

ವಿದ್ಯುತ್ತಿನ ವಿಚಾರಕ್ಕೆ ಬಂದರೆ, ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರ್ ಸಾಕೆಟ್ ಎಷ್ಟು ಕೊಡಬಲ್ಲದು ಎಂಬುದೇ ಸಣ್ಣ ಪಂಪುಗಳ ಹಣೆಬರಹ. ಅದರ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪ್, ಹೆಚ್ಚೆಂದರೆ 20. 15 ಆಂಪ್‌ನಲ್ಲಿ 12 ವೋಲ್ಟ್ ಎಂದರೆ 180 ವಾಟ್. ಈ ಶಕ್ತಿಯಲ್ಲಿ ಇಷ್ಟೇ ಗಾಳಿ ಒತ್ತಲು ಸಾಧ್ಯ. ಯಾರು ಎಷ್ಟೇ ಬಣ್ಣದ ಪೆಟ್ಟಿಗೆ ಮಾಡಿದರೂ ಭೌತಶಾಸ್ತ್ರ ರಿಯಾಯಿತಿ ಕೊಡುವುದಿಲ್ಲ. 20, 30 ಆಂಪ್ ಎಳೆಯುವ ಪಂಪುಗಳಿಗೆ ಮೊಸಳೆಬಾಯಿಯ ಕ್ಲಿಪ್ಪುಗಳಿರುತ್ತವೆ, ನೇರವಾಗಿ ಬ್ಯಾಟರಿಗೆ ಕಚ್ಚಿಸುವುದು. ಕೆಂಪು ಕ್ಲಿಪ್ ಮೊದಲು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪನ್ನು ಇಂಜಿನ್ ಕೋಣೆಯ ಬಣ್ಣವಿಲ್ಲದ ಬೋಲ್ಟಿಗೆ ಅಥವಾ ಅರ್ಥಿಂಗ್ ಜಾಗಕ್ಕೆ. ಹೊಸ ಗಾಡಿಗಳಲ್ಲಿ ಮೈನಸ್ ತುದಿಯ ಮೇಲೆ ಬ್ಯಾಟರಿಯ ಲೆಕ್ಕ ಇಡುವ ಸೆನ್ಸರ್ ಇರುವುದರಿಂದ ಅಲ್ಲಿಗೇ ಕಚ್ಚಿಸದಿರುವುದು ಮೇಲು. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಚಾಲೂ ಇರಲಿ. ಇಲ್ಲದಿದ್ದರೆ ಟೈರು ತುಂಬಿದ ಮೇಲೆ ಗಾಡಿಯನ್ನು ತಳ್ಳಬೇಕಾದೀತು.

ಕೊಳವೆಯ ಬಗ್ಗೆ ಯಾರೂ ಕೇಳುವುದಿಲ್ಲ, ಕೆಡುವುದು ಹೆಚ್ಚಾಗಿ ಅದೇ. ಪಂಪಿನ ತಲೆಯಿಂದ ಕೊಳವೆ ಹೊರಡುವ ಮೊದಲ ಒಂದಡಿಯಲ್ಲಿ ಗಾಳಿ ಅತಿ ಬಿಸಿಯಾಗಿರುತ್ತದೆ. ಅಲ್ಲಿ ರಬ್ಬರು ಮೆತ್ತಗಾಗಿ, ಹಿತ್ತಾಳೆಯ ಪಟ್ಟಿ ಬಿಗಿದ ಕಡೆ ಉಬ್ಬಿ, ಒಂದು ದಿನ ಪಟಾರೆಂದು ಕಿತ್ತು ಬರುತ್ತದೆ. ಆ ಮೊದಲ ತುಂಡಿಗೆ ಉಕ್ಕಿನ ತಂತಿ ಹೆಣೆದ ಕವಚ ಇರುವ ಪಂಪ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಉದ್ದವನ್ನು ಅಂಗಡಿಯಲ್ಲೇ ಅಳೆಯಿರಿ. ಬಾನೆಟ್ಟಿನ ಬ್ಯಾಟರಿಯಿಂದ ತಂತಿ, ಪಂಪಿನಿಂದ ಕೊಳವೆ, ಎರಡೂ ಸೇರಿ ಹಿಂದಿನ ಚಕ್ರ ಮುಟ್ಟಬೇಕು. ಮುಂದಿನ ಎರಡಕ್ಕೆ ತುಂಬಿ, ಹಿಂದಿನದಕ್ಕೆ ಒಂದಡಿ ಸಾಲದೆ ಕೈಯಲ್ಲಿ ಹಿಡಿದು ನಿಲ್ಲುವ ಫಜೀತಿ ಬೇಡ.

ವಾಲ್ವಿನ ತುದಿಗೆ ಕಚ್ಚುವ ಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಶ್ರೇಡರ್ ಹೆಸರಿನ ಈ ವಾಲ್ವ್ 1890ರ ದಶಕದಿಂದ ಹೆಚ್ಚು ಬದಲಾಗಿಲ್ಲ. ನಡುವಿನ ಪಿನ್ ಒತ್ತಿದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಹಿತ್ತಾಳೆಯ ಮರೆಯನ್ನು ತಿರುಗಿಸಿ ಕೂರಿಸುವ ಬಗೆ ಗಟ್ಟಿಯಾಗಿ ಹಿಡಿಯುತ್ತದೆ, ಅಲುಗಾಡುವುದಿಲ್ಲ. ಆದರೆ ಬಿಚ್ಚುವಾಗ ಮೂರ್ನಾಲ್ಕು ಸುತ್ತು ತಿರುಗಿಸುವಷ್ಟು ಹೊತ್ತು ಪಿನ್ ಒತ್ತಿಕೊಂಡೇ ಇರುತ್ತದೆ, ಟೈರು ಬುಸುಗುಟ್ಟುತ್ತ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಅದರ ಮೇಲೆ ಕಾದ ಹಿತ್ತಾಳೆ ಬೆರಳು ಸುಡುತ್ತದೆ. ಸಣ್ಣ ಹಿಡಿ ಮಡಚಿ ಕಚ್ಚಿಸುವ ಕ್ಲಿಪ್ಪಿನ ಬಗೆ ಒಂದೇ ಏಟಿಗೆ ಬಿಡುತ್ತದೆ. ನನ್ನ ಮತ ಕ್ಲಿಪ್ಪಿಗೆ. ತಿರುಗಿಸುವುದೇ ಸಿಕ್ಕಿದರೆ ಎರಡು ಪಿಎಸ್‌ಐ ಜಾಸ್ತಿ ತುಂಬಿ ಬಿಚ್ಚಿ.

150ರ ಚಪಲದಿಂದ ಆಗುವ ನಿಜವಾದ ತೊಂದರೆ ಮೀಟರಿನಲ್ಲಿದೆ. ಪಂಪಿನ ಮೇಲಿನ ಪುಟ್ಟ ಮುಳ್ಳಿನ ಮೀಟರಿಗೆ 0ಯಿಂದ 150ರವರೆಗೆ ಗೀಟು ಹಾಕಿದರೆ ನಮಗೆ ಬೇಕಾದ 12ರಿಂದ 35ರ ಭಾಗ ಒಂದು ಮೂಲೆಯಲ್ಲಿ ಮುದುಡಿಕೊಳ್ಳುತ್ತದೆ. ಅಲ್ಲಿ 14 ಯಾವುದು 17 ಯಾವುದು ಎಂದು ಹೇಳಲು ಭೂತಗನ್ನಡಿ ಬೇಕು. ಮರಳಿನಲ್ಲಿ ಆ ಮೂರು ಪಿಎಸ್‌ಐ ಎಂದರೆ ಹೂತುಕೊಳ್ಳುವುದಕ್ಕೂ ದಾಟುವುದಕ್ಕೂ ಇರುವ ವ್ಯತ್ಯಾಸ. ಜೊತೆಗೆ ಪಂಪ್ ಓಡುತ್ತಿರುವಾಗ ಆ ಮೀಟರು ಕೊಳವೆಯಲ್ಲಿ ನುಗ್ಗುವ ಗಾಳಿಯ ಒತ್ತಡವನ್ನೂ ಸೇರಿಸಿ ಜಾಸ್ತಿ ತೋರಿಸುತ್ತದೆ. ನಿಲ್ಲಿಸಿ ನೋಡಿದರೆ ಮುಳ್ಳು ಕೆಳಗೆ ಬೀಳುತ್ತದೆ. 60ರವರೆಗೆ ಮಾತ್ರ ತೋರಿಸುವ ಬೇರೆ ಮೀಟರೊಂದನ್ನು ಕೈಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಅಳತೆಯನ್ನೆಲ್ಲ ಅದರಲ್ಲೇ ಮಾಡಿ.

ಅಳತೆಯ ಮಾತು ಬಂದಾಗ ಟೈರಿನ ಕಾವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಾಲಕನ ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿರುವ ಅಂಕಿ ತಣ್ಣಗಿನ ಟೈರಿನದು. ಕಾವು ಸುಮಾರು ಆರು ಡಿಗ್ರಿ ಏರಿದರೆ ಒತ್ತಡ ಒಂದು ಪಿಎಸ್‌ಐ ಏರುತ್ತದೆ. ದಿನವೆಲ್ಲ ಓಡಿ ಬಿಸಿಯಾದ ಟೈರಿಗೆ ಸಂಜೆ 32 ತುಂಬಿದರೆ ಬೆಳಿಗ್ಗೆ 29 ತೋರಿಸಿದರೆ ಆಶ್ಚರ್ಯವಿಲ್ಲ. ಎರಡು ಮೂರು ಹೆಚ್ಚಿಗೆ ತುಂಬಿ, ಮರುದಿನ ಬೆಳಿಗ್ಗೆ ಸರಿ ಮಾಡಿಕೊಂಡರಾಯಿತು. ನೈಟ್ರೋಜನ್ ತುಂಬಿಸಿದ್ದೇನೆ, ಮಾಮೂಲಿ ಗಾಳಿ ಬೆರೆಸಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ. ನಾವು ಉಸಿರಾಡುವ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ, ಪುಕ್ಕಟೆಯಾಗಿ.

ಬೆಂಗಳೂರಿನಿಂದ ಲಡಾಖ್‌ವರೆಗೆ ಗಾಡಿ ಓಡಿಸಿಕೊಂಡು ಹೋಗುವವರಿಗೆ ಇನ್ನೊಂದು ಸಂಗತಿ. 5,359 ಮೀಟರ್ ಎತ್ತರದ ಖಾರ್ದುಂಗ್ ಲಾ ಮೇಲೆ ವಾತಾವರಣದ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಹೊರಗಿನ ಒತ್ತಡ ಕಡಿಮೆಯಾದಷ್ಟೂ ಮೀಟರು ಜಾಸ್ತಿ ತೋರಿಸುತ್ತದೆ. ಮಂಗಳೂರಿನಲ್ಲಿ 30 ತುಂಬಿದ ಟೈರು, ಚಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅಲ್ಲಿ 37 ತೋರಿಸಬೇಕು. ಚಳಿ ಅದರಲ್ಲಿ ಮೂರ್ನಾಲ್ಕನ್ನು ಕಳೆಯುತ್ತದೆ. ಪಂಪಿನ ಕಷ್ಟ ಇದರ ಮುಂದೆ. ಪಿಸ್ಟನ್ ಪ್ರತಿ ಸಲ ಎಳೆದುಕೊಳ್ಳುವ ಗಾಳಿಯಲ್ಲಿ ಸರಕು ಅರ್ಧದಷ್ಟೇ. ಊರಿನಲ್ಲಿ ಐದು ನಿಮಿಷಕ್ಕೆ ಮುಗಿಸುತ್ತಿದ್ದ ಪಂಪಿಗೆ ಅಲ್ಲಿ ಕಡಿಮೆಯೆಂದರೂ ಹತ್ತು ನಿಮಿಷ ಬೇಕು. ತೆಳುವಾದ ಗಾಳಿ ಯಂತ್ರವನ್ನು ತಣಿಸುವುದರಲ್ಲೂ ಹಿಂದೆ. ಸಾಕೆಟ್ಟಿಗೆ ಸಿಕ್ಕಿಸುವ ಆಟಿಕೆಯನ್ನು ನಂಬಿ ಅಷ್ಟು ದೂರ ಹೋಗಬಾರದು.

ಹಾಗಂತ ಎಲ್ಲರೂ ಜೋಡಿ ಸಿಲಿಂಡರ್ ಕೊಳ್ಳಬೇಕೆಂದಲ್ಲ. ನಮ್ಮಲ್ಲಿ ಪ್ರತಿಷ್ಠೆಗೆ ಕೊಂಡು, ಡಿಕ್ಕಿಯಲ್ಲಿ ಐದಾರು ಕಿಲೋ ಹೊತ್ತು ತಿರುಗುವವರೇ ಹೆಚ್ಚು. ವರ್ಷಕ್ಕೆ ಎರಡು ಸಲ ಎಸ್ಟೇಟ್ ದಾರಿ ಹತ್ತುವ ಮಾಮೂಲಿ ಟೈರಿನ ಥಾರ್, ಜಿಮ್ನಿಯವರಿಗೆ ಬ್ಯಾಟರಿಗೆ ಕಚ್ಚಿಸುವ, ಒಂಟಿ ಸಿಲಿಂಡರಿನ, 30 ಪಿಎಸ್‌ಐ ಎದುರು 40ರಿಂದ 60 ಲೀಟರ್ ಕೊಡುವ ಪಂಪ್ ಬೇಕಾದಷ್ಟಾಯಿತು. ಪ್ರತಿ ವಾರ ಮರಳಿಗಿಳಿಯುವ ದುಬೈಯವರಿಗೆ, 33 ಇಂಚಿನ ಟೈರಿನವರಿಗೆ, ಹತ್ತು ಗಾಡಿಗಳ ಸಾಲನ್ನು ಮುನ್ನಡೆಸುವವರಿಗೆ ಜೋಡಿ ಸಿಲಿಂಡರಿನ ಬೆಲೆ ಹುಟ್ಟುತ್ತದೆ. ಕೈಯಲ್ಲಿ ಹಿಡಿಯುವ ಬ್ಯಾಟರಿ ಪಂಪು ಸ್ಕೂಟರಿಗೆ, ಊರೊಳಗಿನ ಕಾರಿಗೆ ಚೆನ್ನ. ಇಳಿದ ನಾಲ್ಕು ದೊಡ್ಡ ಟೈರು ಅದರ ಕೆಲಸವಲ್ಲ, ಎರಡನೆಯದರ ಹೊತ್ತಿಗೆ ಚಾರ್ಜು ಮುಗಿಯುತ್ತದೆ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಲಿಥಿಯಂ ಬ್ಯಾಟರಿ ಬಿಟ್ಟುಹೋಗುವುದೂ ಒಳ್ಳೆಯದಲ್ಲ. ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಜೋಡಿಸುವ ಕವಲು ಕೊಳವೆ ಈಗ ಚಾಲ್ತಿಯಲ್ಲಿದೆ. ಅದರಿಂದ ಪಂಪಿನ ವೇಗ ಹೆಚ್ಚುವುದಿಲ್ಲ, 280 ಲೀಟರ್ 280 ಲೀಟರೇ. ಆದರೆ ನಾಲ್ಕರಲ್ಲೂ ಗಾಳಿ ಸಮ ಆಗುತ್ತದೆ, ನಾಲ್ಕು ಸಲ ಮಂಡಿಯೂರುವುದು ತಪ್ಪುತ್ತದೆ. ಮಂಡಿ ನೋವಿನ ವಯಸ್ಸಿನವರು ಯೋಚಿಸಬಹುದು.

ಯಾವ ಸಣ್ಣ ಪಂಪಿಗೂ ಆಗದ ಕೆಲಸವೊಂದಿದೆ. ಟೈರಿನ ಅಂಚು ರಿಮ್ಮಿನಿಂದ ಕಳಚಿದ್ದರೆ ಅದನ್ನು ಕೂರಿಸಲು ಒಂದೇ ಉಸಿರಿಗೆ ರಭಸವಾದ ಗಾಳಿ ಬೇಕು. ಪಂಕ್ಚರ್ ಅಂಗಡಿಯಲ್ಲಿ ಬೆಲ್ಟ್ ಸುತ್ತಿದ ಕಂಪ್ರೆಸರಿನ ಪಕ್ಕ ಅಷ್ಟು ದೊಡ್ಡ ಟ್ಯಾಂಕು ಇರುವುದು ಇದಕ್ಕೇ. ಟ್ಯಾಂಕಿಲ್ಲದ ಪಂಪ್ ಎಷ್ಟು ತುಂಬಿದರೂ ಸಂದಿಯಲ್ಲಿ ಸೋರುತ್ತಿರುತ್ತದೆ. ಸಾಮಾನು ಬಿಗಿಯುವ ಪಟ್ಟಿಯನ್ನು ಟೈರಿನ ಸುತ್ತ ಕಟ್ಟಿ ಬಿಗಿದರೆ ಅಂಚು ರಿಮ್ಮಿನತ್ತ ಸರಿದು ಕೆಲವೊಮ್ಮೆ ಕೂರುತ್ತದೆ. ಅದೂ ಆಗದಿದ್ದರೆ ದಾರಿಯಲ್ಲಿ ಸಿಗುವ ಲಾರಿಯವರನ್ನು ಕೇಳಿ. ಏರ್ ಬ್ರೇಕಿನ ಲಾರಿಗಳಲ್ಲಿ ಗಾಳಿಯ ಟ್ಯಾಂಕು ಸದಾ 100 ಪಿಎಸ್‌ಐ ಆಸುಪಾಸು ತುಂಬಿರುತ್ತದೆ. ಅದರಿಂದ ಟೈರಿಗೆ ಗಾಳಿ ಎಳೆದುಕೊಳ್ಳಲು ಕೊಳವೆ ಇಟ್ಟುಕೊಂಡ ಡ್ರೈವರುಗಳು ಸಿಗುತ್ತಾರೆ. ‘ಅಣ್ಣಾ, ಒಂಚೂರು ಗಾಳಿ’ ಎಂದರೆ ಇಲ್ಲ ಎನ್ನುವವರು ಕಡಿಮೆ.

ಕೊಂಡ ದಿನವೇ ಮನೆ ಮುಂದೆ ಒಂದು ಪರೀಕ್ಷೆ ಮಾಡಿ. ಒಂದು ಟೈರಿನ ಗಾಳಿಯನ್ನು 16ಕ್ಕೆ ಇಳಿಸಿ, 32ಕ್ಕೆ ಏರುವವರೆಗೆ ಮೊಬೈಲಿನಲ್ಲಿ ಸಮಯ ನೋಡಿ. ಥಾರ್ ಅಳತೆಯ ಟೈರಿಗೆ ಎರಡು ನಿಮಿಷದೊಳಗಾದರೆ ಒಳ್ಳೆಯ ಪಂಪ್. ಮೂರು ದಾಟಿದರೆ ಸಹನೆ ಬೇಕು, ಐದು ದಾಟಿದರೆ ಬಿಲ್ಲು ಹಿಡಿದುಕೊಂಡು ಅಂಗಡಿಗೆ ಹೋಗಿ. ಅಲ್ಲಿಂದ ಬಿಡದೆ ಉಳಿದ ಮೂರನ್ನೂ ಇಳಿಸಿ ತುಂಬಿ, ನಾಲ್ಕನೆಯದಕ್ಕೂ ಮೊದಲನೆಯದಕ್ಕೂ ಎಷ್ಟು ವ್ಯತ್ಯಾಸ ಬಂತು ನೋಡಿ. ಕಾವಿಗೆ ಪಂಪ್ ಎಷ್ಟು ಸೋತಿತು ಎಂಬುದು ಅಲ್ಲಿ ಗೊತ್ತಾಗುತ್ತದೆ. ಮರಳಿನಿಂದ ಬಂದ ಮೇಲೆ ಗಾಳಿ ಒಳಗೆಳೆಯುವ ಕಡೆಯ ಸ್ಪಂಜಿನ ಫಿಲ್ಟರನ್ನು ತೆಗೆದು ಕೊಡವಿ. ತೊಳೆದರೆ ಪೂರ್ತಿ ಒಣಗಿಸಿ ಹಾಕಿ. ಕೆಲಸ ಮುಗಿದ ಕೂಡಲೇ ಪಂಪನ್ನು ಚೀಲಕ್ಕೆ ತುರುಕದೆ ಹತ್ತು ನಿಮಿಷ ತಣಿಯಲು ಬಿಡಿ, ಆ ಹೊತ್ತಿನಲ್ಲಿ ಸ್ಟೆಪ್ನಿಗೂ ಮೀಟರು ಹಿಡಿದು ನೋಡಿ. ಹಿಂಬಾಗಿಲಿಗೆ ನೇತುಹಾಕಿದ ಆ ಐದನೆಯ ಟೈರಿಗೆ ಗಾಡಿ ಕೊಂಡಾಗ ತುಂಬಿದ ಗಾಳಿಯೇ ಇನ್ನೂ ಇರುತ್ತದೆ, ಅಥವಾ ಇರುವುದಿಲ್ಲ.